ಬೇಬಿ ಸಿಸ್ಟರಿಗೆ ಕೊಡಬೇಕಿದ್ದ ಪ್ರಶಸ್ತಿ

ಪ್ರಶಸ್ತಿಯ ಮಾತನ್ನು ಮೊದಲು ಎತ್ತಿದವಳು ಸೀತು. ಆಮೇಲೆ ಕೇರಿಯವರೆಲ್ಲ ಅದನ್ನು ಮರೆತರು. ಚಂದ್ರಮತಿಗೆ ಮಾತ್ರ ಮರೆಯಲಾಗಲಿಲ್ಲ.

ಚಂದ್ರಮತಿ, ಸೀತು ಇಬ್ಬರೂ ಅಳಿವೆಕೇರಿಗೆ ಮದುವೆಯಾಗಿ ಬಂದವರು. ತ್ರಾಸಿ, ಮರವಂತೆ ದಾಟಿ ಬೈಂದೂರಿನ ಕಡೆ ಸ್ವಲ್ಪ ಹೋಗಿ, ಹೆದ್ದಾರಿ ಬಿಟ್ಟು ಕಡಲಿಗೆ ಇಳಿದರೆ ಸಿಗುವ ಕೇರಿ ಅದು. ಗಂಡಸರು ಬೋಟಿಗೆ, ಹೆಂಗಸರು ಮೀನು ಮಾರಲು. ಇವರಿಬ್ಬರೂ ಬೆಳಿಗ್ಗೆ ಬೋಟು ಬರುವ ದಕ್ಕೆಯ ಏಲಮ್ಮಿನಲ್ಲಿ ಮೀನು ಕೊಂಡು, ಹಾಲಾಡಿ ಪೇಟೆಗೆ ಹೋಗಿ, ಒಂದೇ ಕಟ್ಟೆಯ ಮೇಲೆ ಅಕ್ಕಪಕ್ಕ ಕೂತು ಮಾರುತ್ತಿದ್ದರು. ಒಬ್ಬಳ ಬಂಗುಡೆ ಮುಗಿದರೆ ಕೇಳದೆಯೇ ಇನ್ನೊಬ್ಬಳ ಬುಟ್ಟಿಗೆ ಕೈ ಹಾಕುವಷ್ಟು ಸಲುಗೆ. ಬುಟ್ಟಿ ಕಂಡರೆ ಬಸ್ಸು ನಿಲ್ಲಿಸದ ಕಂಡಕ್ಟರುಗಳ ಮೇಲಿನ ಸಿಟ್ಟಿನಲ್ಲಿ ಕೇರಿಯ ಹೆಂಗಸರೆಲ್ಲ ಸೇರಿ ಸಂಘ ಕಟ್ಟಿದರು. ಸಂಘ ಒಂದು ಪಿಕಪ್ ಗಾಡಿ ಕೊಂಡಿತು. ಚಂದ್ರಮತಿಯ ಗಂಡ ಮುತ್ತ ಬೋಟು ಬಿಟ್ಟು ಅದರ ಡ್ರೈವರನಾದ, ಚಂದ್ರಮತಿ ಅಧ್ಯಕ್ಷೆಯಾದಳು. "ನನ್ ಬಾಯಿ ದೊಡ್ದ್, ಅದ್ಕೇ ಮಾಡಿದ್ರ್" ಎಂದು ತಾನೇ ಹೇಳಿಕೊಂಡು ನಗುತ್ತಿದ್ದಳು.

2009ರಲ್ಲಿ ಸಂಘದ ಕೈಯಲ್ಲಿ ಒಂದಿಷ್ಟು ದುಡ್ಡು ಉಳಿಯಿತು. ಧರ್ಮಸ್ಥಳಕ್ಕೆ ಟೂರ್ ಹೋಗುವುದೋ, ದೇವಸ್ಥಾನಕ್ಕೆ ದೊಡ್ಡ ಗಂಟೆ ಕೊಡಿಸುವುದೋ ಎಂದು ಪಿಕಪ್ಪಿನ ಹಿಂದೆ ಖಾಲಿ ಬುಟ್ಟಿಗಳ ನಡುವೆ ಕೂತು ಹೆಂಗಸರು ಚರ್ಚೆ ಮಾಡುತ್ತಿದ್ದರು. ಸುಮ್ಮನೆ ಎಲೆ ಅಗಿಯುತ್ತಿದ್ದ ಸೀತು ಬಾಯಿ ತೆರೆದಳು.

"ದೇವ್ರಿಗ್ ಕೊಡುವರ್ ಸುಮಾರ್ ಜನ ಇದ್ರ್. ನಮ್ ಮಕ್ಳನ್ನ ಹೊರ್ಗ್ ತಂದದ್ದ್ ಬೇಬಿ ಸಿಸ್ಟರ್. ಅವ್ಳಿಗ್ ಎಂತಾರೂ ಕೊಡುವ."

ಎಲ್ಲರೂ ನಕ್ಕರು. ಆದರೆ ಗಾಡಿ ಅಳಿವೆಕೇರಿಗೆ ಮುಟ್ಟುವ ಹೊತ್ತಿಗೆ ಯಾರೂ ಬೇರೆ ಮಾತಾಡುತ್ತಿರಲಿಲ್ಲ.

ಬೇಬಿ ಅಂದರೆ ಅಳಿವೆಕೇರಿ ಆರೋಗ್ಯ ಕೇಂದ್ರದ ನರ್ಸು. ಬ್ರಹ್ಮಾವರದ ಆಚೆಯ ಒಂದು ದೇವಸ್ಥಾನದ ಊರಿನವಳು. 1997ರ ಮಳೆಗಾಲದಲ್ಲಿ, ತೆಳ್ಳಗೆ, ಕಡಲಿನ ಸದ್ದಿಗೇ ಹೆದರುವ ಹುಡುಗಿಯಾಗಿ ಕೆಲಸಕ್ಕೆ ಬಂದಳು. ಬಂದ ವಾರವೇ ಚಂದ್ರಮತಿಗೆ ನೋವು ಶುರುವಾಯಿತು. ಮಗಳು ರಮಿತಾ ಹುಟ್ಟಿದಾಗ ತಾಯಿಗಿಂತ ಜಾಸ್ತಿ ಬೆವರಿದ್ದು ಸಿಸ್ಟರೇ ಎಂದು ಚಂದ್ರಮತಿ ಈಗಲೂ ತಮಾಷೆ ಮಾಡುತ್ತಿದ್ದಳು. ಮರುವರ್ಷ ಸೀತುವಿನ ಕಿರಿಯ ಮಗ ಕಾಲು ಮುಂದಾಗಿ ಬಂದ. ಕುಂದಾಪುರಕ್ಕೆ ಒಯ್ಯಲು ಹೊತ್ತಿರಲಿಲ್ಲ. ಬೇಬಿ ತುಟಿ ಕಚ್ಚಿಕೊಂಡು ಆ ಮಗುವನ್ನು ತೆಗೆದಳು, ಕೂಸು ಅತ್ತ ಮೇಲೆ ಹೊರಗೆ ಹೋಗಿ ತಾನೂ ಅತ್ತಳು. ಅಂದಿನಿಂದ ಸೀತುವಿಗೆ ಬೇಬಿ ಅಂದರೆ ಮನೆದೈವದ ಹಾಗೆ. ಒಳ್ಳೆಯ ಅಂಜಲ್ ಮೀನು ಸಿಕ್ಕಿದ ದಿನ ಒಂದು ತುಂಡು ಸಿಸ್ಟರ ಕ್ವಾರ್ಟರ್ಸಿಗೆ ಹೋಗಲೇಬೇಕು.

ಸಂಘದ ಪತ್ರವ್ಯವಹಾರ ನೋಡುತ್ತಿದ್ದವರು ಕೃಷ್ಣಯ್ಯ ಎಂಬ ನಿವೃತ್ತ ಮಾಸ್ಟ್ರು. ವರ್ಷಕ್ಕೊಬ್ಬ ನರ್ಸಿಗೆ ಪ್ರಶಸ್ತಿ, ಮೊದಲನೆಯದು ಬೇಬಿಗೆ ಎಂದು ನಿಶ್ಚಯಿಸಿ, ಅವರನ್ನು ಮುಂದಿಟ್ಟುಕೊಂಡು ಹೆಂಗಸರು ಕುಂದಾಪುರದ ಆರೋಗ್ಯ ಇಲಾಖೆಯ ಕಚೇರಿಗೆ ಹೋದರು. ಅಲ್ಲಿದ್ದ ಗುಮಾಸ್ತ ಇವರ ಸೆರಗು, ಚಪ್ಪಲಿ ಎಲ್ಲ ನೋಡಿ, "ಪ್ರಶಸ್ತಿಯಾ? ಸ್ಪಾನ್ಸರ್ ಯಾರು?" ಎಂದ.

"ನಾವೇ" ಎಂದಳು ಚಂದ್ರಮತಿ.

"ಅಲ್ಲ, ದುಡ್ಡು ಹಾಕುವವರು ಯಾರು ಅಂತ."

"ಹ್ವಾಯ್, ಮೀನ್ ಮಾರುವರ ದುಡ್ಡ್ ದುಡ್ಡಲ್ದಾ?" ಎಂದಳು ಸೀತು. ಗುಮಾಸ್ತ ಕುರ್ಚಿ ತರಿಸಿದ.

ಆ 'ಸ್ಪಾನ್ಸರ್' ಎಂಬ ಶಬ್ದ ಹೆಂಗಸರಿಗೆ ಬಹಳ ಹಿಡಿಸಿತು. ತಿಂಗಳುಗಟ್ಟಲೆ ದಕ್ಕೆಯಲ್ಲಿ ಒಬ್ಬರನ್ನೊಬ್ಬರು ಹಾಗೆಯೇ ಕರೆದುಕೊಂಡರು. "ಹೋಯ್ ಸ್ಪಾನ್ಸರ್, ಒಂಚೂರ್ ಐಸ್ ಕೊಡ್" ಎಂದು. ಪ್ರಶಸ್ತಿಗೆ ಏನು ಕೊಡುವುದು ಎಂಬುದಕ್ಕೂ ದೊಡ್ಡ ಜಗಳವಾಯಿತು. ಶಾಲು ಹೊದ್ದುಕೊಂಡು ಹೆರಿಗೆ ಮಾಡಿಸಲಿಕ್ಕಾಗುತ್ತದೆಯೇ ಎಂದು ಸೀತು ಕೇಳಿದಳು. ಉಂಗುರ ಹಾಕಿಕೊಂಡು ಕೆಲಸ ಮಾಡಲಿಕ್ಕಿಲ್ಲ. ಕೊನೆಗೆ ಒಂದು ಒಳ್ಳೆಯ ಕೈಗಡಿಯಾರ, ಜತೆಗೆ ಆ ನರ್ಸಿನ ಹೆರಿಗೆ ಕೋಣೆಗೆ ಏನು ಬೇಕೋ ಅದು ಎಂದು ತೀರ್ಮಾನವಾಯಿತು. ಮಳೆಗಾಲಕ್ಕೆ ಬೋಟುಗಳೆಲ್ಲ ದಡ ಹತ್ತಿ ಹೆಂಗಸರಿಗೆ ಬಿಡುವಾಗುವ ಜೂನ್ ತಿಂಗಳಲ್ಲಿ, ಕುಂದಾಪುರದ ಒಂದು ಹಾಲ್‌ನಲ್ಲಿ ಕಾರ್ಯಕ್ರಮ.

ಮೊದಲ ವರ್ಷ ಬೇಬಿ ಒಪ್ಪಲಿಲ್ಲ. "ನಿಮ್ಮೂರಿನ ನರ್ಸಿಗೇ ಕೊಟ್ರೆ ಜನ ಎಂತ ಹೇಳುದಿಲ್ಲ? ಬೈಂದೂರಿಂದ ಬ್ರಹ್ಮಾವರದ ತನಕ ನನಗಿಂತ ಹೆಚ್ಚು ಮಾಡಿದವರಿದ್ದಾರೆ. ಅವರಿಗೆ ಕೊಡಿ" ಎಂದಳು. ಹಾಗಾಗಿ ಬೈಂದೂರಿನ ಬದಿಯ ಒಬ್ಬ ಹಿರಿಯ ನರ್ಸಿಗೆ ಮೊದಲ ಪ್ರಶಸ್ತಿ ಹೋಯಿತು, ಆಕೆಯ ಹೆರಿಗೆ ಕೋಣೆಗೆ ನೀರು ಕಾಯಿಸುವ ಗೀಸರ್. ಹೀಗೆ ವರ್ಷ ವರ್ಷ ಒಬ್ಬೊಬ್ಬರಿಗೆ. ಪತ್ರಿಕೆಯ ಒಳಪುಟದಲ್ಲಿ ಫೋಟೋ ಬರುತ್ತಿತ್ತು. ಮೀನಿನ ಹೆಂಗಸರು ನಗುತ್ತ ನಿಂತಿರುತ್ತಿದ್ದರು, ನರ್ಸುಗಳೇ ನಾಚಿಕೊಂಡಿರುತ್ತಿದ್ದರು.

2014ರಲ್ಲಿ ಸೀತು ಹಟ ಹಿಡಿದಳು. "ಈ ಸಲ ಬೇಬಿಗೇ. ಇಲ್ದಿರೆ ನಾ ಸಂಘ್ದಗೇ ಇರ್ತಿಲ್ಲೆ." ಬೇಬಿ ಬೇಡ ಬೇಡವೆನ್ನುತ್ತಲೇ ಒಪ್ಪಿದಳು. ತನ್ನ ಹೆರಿಗೆ ಕೋಣೆಗೆ ಕರೆಂಟು ಹೋದರೂ ಉರಿಯುವ ದೀಪ ಬೇಕೆಂದಳು. ಆಮಂತ್ರಣದ ಕಾಗದ ಛಾಪಿಸಿದ್ದಾಯಿತು.

ಅದೇ ಸಮಯಕ್ಕೆ ಸೀತುವಿನ ಒಬ್ಬಳೇ ಮಗಳು ದಿವ್ಯಾ ಚೊಚ್ಚಲ ಹೆರಿಗೆಗೆಂದು ತಾಯಿಮನೆಗೆ ಬಂದಿದ್ದಳು. ಗಂಡ ಸಚಿನ್ ಮುಂಬೈಯಲ್ಲಿ ಕ್ಯಾಂಟೀನ್ ನಡೆಸುತ್ತಿದ್ದ. ಮೇ ತಿಂಗಳಲ್ಲಿ ಒಂದು ದಿನ ಸೀತು ಮಗಳನ್ನು ತೋರಿಸಲು ಆರೋಗ್ಯ ಕೇಂದ್ರಕ್ಕೆ ಹೊರಟಾಗ ಚಂದ್ರಮತಿಯೂ ಜತೆಗೆ ಹೋದಳು. ಬೇಬಿ ದಿವ್ಯಾಳ ಕಣ್ಣಿನ ಕೆಳಗಿನ ರೆಪ್ಪೆ ಎಳೆದು ನೋಡಿದಳು, ರಕ್ತ ತೆಗೆದು ಪರೀಕ್ಷೆ ಮಾಡಿದಳು.

"ರಕ್ತ ಕಮ್ಮಿ ಇತ್ತ್ ಸೀತಕ್ಕ. ಕೊಟ್ಟ ಮಾತ್ರೆ ತಿಂತಿಲ್ಲ ಇದ್. ಹೆರಿಗೆಗೆ ಕುಂದಾಪ್ರಕ್ಕೇ ಕರ್ಕೊಂಡ್ ಹೋಯ್ನಿ."

"ನೀನ್ ಇಪ್ಪಾಗ ಕುಂದಾಪ್ರ ಎಂತಕ್ಕೆ?" ಎಂದಳು ಸೀತು. "ಅಲ್ ಹೋರೆ ಹೊಟ್ಟೆ ಕೊಯ್ದೇ ಕಳ್ಸುದ್."

"ನಂಗೆ ನೀವೇ ಆಯ್ಕ್ ಸಿಸ್ಟರ್" ಎಂದಳು ದಿವ್ಯಾ. "ಅಲ್ಲಿ ನಂಗೆ ಹೆದ್ರಿಕಿ."

ಚಂದ್ರಮತಿ ಬಾಗಿಲಿಗೆ ಒರಗಿ ನಿಂತಿದ್ದವಳು, "ಪ್ರಶಸ್ತಿ ಸಿಕ್ಕುಕ್ ಮುಂಚೆಯೇ ನಮ್ಮನ್ ಓಡ್ಸುದಾ?" ಎಂದಳು. ಎಲ್ಲರೂ ನಕ್ಕರು. ಬೇಬಿಯೂ ನಕ್ಕಳು. ಮತ್ತೆ ಗಂಭೀರಳಾಗಿ, ಮಾತ್ರೆ ತಪ್ಪಿಸಬಾರದೆಂದು ದಿವ್ಯಾಳಿಂದ ಆಣೆ ಮಾಡಿಸಿಕೊಂಡಳು. "ಕಾಂಬ, ರಕ್ತ ಏರಿರೆ ಇಲ್ಲೇ ಮಾಡುವ" ಎಂದಳು. ಜೂನಿನ ಹೊತ್ತಿಗೆ ರಕ್ತ ಸ್ವಲ್ಪ ಏರಿತ್ತು. ಬಹಳವೇನಲ್ಲ. ಸೀತು ಅದನ್ನೇ ಹಿಡಿದುಕೊಂಡು ಇನ್ನೊಮ್ಮೆ ಅಂಗಲಾಚಿದಳು. ಬೇಬಿ ಇಲ್ಲವೆನ್ನಲಿಲ್ಲ.

ಕಾರ್ಯಕ್ರಮಕ್ಕೆ ಇನ್ನು ಒಂದು ವಾರವಿತ್ತೋ ಏನೋ. ಮಳೆ ಹಿಡಿದಿತ್ತು. ಬೆಳಿಗ್ಗೆ ನೋವು ಶುರುವಾಗಿ, ಮಧ್ಯಾಹ್ನದ ಊಟದ ಹೊತ್ತಿಗೆ ದಿವ್ಯಾ ಹೆತ್ತಳು. ಹೆಣ್ಣು ಕೂಸು. ಚಂದ್ರಮತಿ ಫ್ಲಾಸ್ಕಿನಲ್ಲಿ ಜೀರಿಗೆ ಕಷಾಯ ಹಿಡಿದುಕೊಂಡು ಹೋದಾಗ ಸೀತು ಬಾಗಿಲಲ್ಲೇ ಸಿಕ್ಕಿದಳು. "ಮೂಗ್ ಕಾಣ್ ಮಾರಾಯ್ತಿ, ನನ್ ಅಬ್ಬೆದೇ ಮೂಗ್" ಎಂದು ಬಟ್ಟೆ ಸರಿಸಿ ತೋರಿಸಿದಳು. ಒಳಗಿನಿಂದ ದಿವ್ಯಾ ಏನೋ ಹೇಳಿ ನಕ್ಕಿದ್ದು ಕೇಳಿಸಿತು.

ಕಷಾಯ ಲೋಟಕ್ಕೆ ಬಗ್ಗಿಸುವಷ್ಟರಲ್ಲಿ ಬೇಬಿ ಹೊರಗೆ ಬಂದಳು. ಅವಳ ಮುಖ ನೋಡಿ ಚಂದ್ರಮತಿ ಫ್ಲಾಸ್ಕು ಕೆಳಗಿಟ್ಟಳು.

"ಮುತ್ತಣ್ಣ ಎಲ್ಲಿದ್ರ್? ಗಾಡಿ ತರುಕ್ ಹೇಳಿ. ಈಗ್ಲೇ."

ರಕ್ತ ನಿಲ್ಲುತ್ತಿರಲಿಲ್ಲ. ಬೇಬಿ ಇಂಜೆಕ್ಷನ್ ಕೊಟ್ಟಿದ್ದಳು, ಹೊಟ್ಟೆ ತಿಕ್ಕಿದ್ದಳು, ಗ್ಲೂಕೋಸ್ ಹಾಕಿದ್ದಳು. ಗರ್ಭಕೋಶ ಗಟ್ಟಿಯಾಗಿ ಮುಚ್ಚಿಕೊಳ್ಳಬೇಕು, ಅದು ಮುಚ್ಚಿಕೊಳ್ಳುತ್ತಿರಲಿಲ್ಲ. ಡಾಕ್ಟ್ರು ಉಡುಪಿಯ ಮೀಟಿಂಗಿಗೆ ಹೋಗಿದ್ದರು. ಅವರು ಫೋನಿನಲ್ಲೇ ಹೇಳಿದ್ದನ್ನೆಲ್ಲ ಬೇಬಿ ಆಗಲೇ ಮಾಡಿ ಮುಗಿಸಿದ್ದಳು. ಆಂಬುಲೆನ್ಸ್ ಕೊಲ್ಲೂರಿನ ಬದಿಗೆ ಇನ್ನೊಂದು ಕೇಸಿಗೆ ಹೋಗಿತ್ತು. ಮುತ್ತ ಪಿಕಪ್ ತಂದು ಬಾಗಿಲಿಗೇ ಹಿಮ್ಮುಖವಾಗಿ ನಿಲ್ಲಿಸಿದ. ಹಾಸಿಗೆ ಸಮೇತ ದಿವ್ಯಾಳನ್ನು ಎತ್ತಿ ಮಲಗಿಸಿ ಮೇಲೆ ಟಾರ್ಪಾಲು ಕಟ್ಟಿದರು. ಸೀತು ಹತ್ತಲು ಬಂದಳು. "ಶಿಶುನ್ ಮಳೆಗ್ ತರುದ್ ಬ್ಯಾಡ, ನೀವ್ ಇಲ್ಲೇ ಇರಿ ಸೀತಕ್ಕ" ಎಂದಳು ಬೇಬಿ. ಸೀತು ಕೂಸನ್ನು ಎದೆಗೊತ್ತಿಕೊಂಡು ಮೆಟ್ಟಿಲ ಮೇಲೆಯೇ ನಿಂತಳು. ಚಂದ್ರಮತಿ ಹತ್ತಿದಳು.

ಬೇಬಿ ದಿವ್ಯಾಳ ಕಾಲ ಬದಿಗೆ ಮೊಣಕಾಲೂರಿ ಕೂತು, ಒಂದು ಮುಷ್ಟಿಯನ್ನು ಒಳಗಿಟ್ಟು, ಇನ್ನೊಂದು ಕೈಯಿಂದ ಹೊಟ್ಟೆಯನ್ನು ಅದರ ಮೇಲೆ ಒತ್ತಿ ಹಿಡಿದಳು. ಹಾಗೆ ಒತ್ತಿ ಹಿಡಿದಷ್ಟು ಹೊತ್ತು ರಕ್ತ ನಿಲ್ಲುತ್ತದೆ, ಬಿಟ್ಟರೆ ಹೋಯಿತು ಎಂದಳು. ಗಾಡಿ ಹೆದ್ದಾರಿಗೆ ಬಂತು. ಆ ವರ್ಷ ಹೆದ್ದಾರಿ ಅಗಲ ಮಾಡಲು ಅಲ್ಲಲ್ಲಿ ಅಗೆದು ಹಾಕಿದ್ದರು. ಕೆಂಪು ಮಣ್ಣೆಲ್ಲ ಮಳೆಗೆ ಕೆಸರಾಗಿತ್ತು. ಮರವಂತೆ ದಾಟಿ ತ್ರಾಸಿಯ ಹತ್ತಿರ ಬರುವಾಗ ಮುತ್ತ ಬ್ರೇಕು ಒತ್ತಿದ. ಮುಂದೆ ಒಂದು ಲಾರಿ ಅಡ್ಡಕ್ಕೆ ಹೂತುಹೋಗಿ ಎರಡೂ ಕಡೆ ವಾಹನಗಳು ನಿಂತಿದ್ದವು.

ಅಲ್ಲಿ ರಸ್ತೆಯ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಹೊಳೆ. ತಿರುಗಿಸಿಕೊಂಡು ಹೋಗಲು ಇನ್ನೊಂದು ದಾರಿ ಎಂಬುದಿಲ್ಲ. ಮುತ್ತ ಇಳಿದು ಮಳೆಯಲ್ಲಿ ಓಡಿದ. ಅವನು ಯಾರಿಗೋ ಕೈಮುಗಿಯುವುದು, ಯಾರನ್ನೋ ಬೈಯುವುದು ಚಂದ್ರಮತಿಗೆ ಟಾರ್ಪಾಲಿನ ಸಂದಿನಿಂದ ಕಾಣುತ್ತಿತ್ತು. ಜನ ಇಳಿದು ಬಂದು ಲಾರಿಯನ್ನು ತಳ್ಳಿದರು. ಒಂದು ಬಸ್ಸಿನವನು ಹಿಂದೆ ಸರಿದು ಜಾಗ ಮಾಡಿಕೊಟ್ಟ. ಯಾರೂ ಕೆಟ್ಟವರಿರಲಿಲ್ಲ. ಆದರೂ ಹೊತ್ತು ಹೋಗುತ್ತಲೇ ಇತ್ತು.

"ಚಂದ್ರತ್ತೆ, ಚಳಿ ಆತ್ತ್" ಎಂದಳು ದಿವ್ಯಾ.

ಚಂದ್ರಮತಿ ತನ್ನ ಸೀರೆಯ ಸೆರಗನ್ನೆಲ್ಲ ಬಿಚ್ಚಿ ಅವಳ ಎದೆಗೆ ಹೊದಿಸಿದಳು. ಅಂಗೈ ತಿಕ್ಕಿದಳು. ಅಂಗೈ ಐಸಿನಲ್ಲಿಟ್ಟ ಹಾಗಿತ್ತು.

"ಶಿಶು ಹಾಲ್ ಕುಡಿತಾ?"

"ಕುಡಿತ್ ಮಗಾ. ಚಪ್ಪರ್ಸಿ ಕುಡಿತ್" ಎಂದಳು ಚಂದ್ರಮತಿ. ಕೂಸಿಗೆ ಹಾಲು ಕೊಡಲು ತಾಯಿಯೇ ಇಲ್ಲಿದ್ದಾಳೆ ಎಂಬುದು ಇಬ್ಬರಿಗೂ ಹೊಳೆಯಲಿಲ್ಲ.

ಬೇಬಿ ಕತ್ತು ತಿರುಗಿಸಿ ಚಂದ್ರಮತಿಯನ್ನು ಕರೆದಳು. "ನಂಗೆ ಕೈ ಮರಗಟ್ಟಿತ್. ಹಿಂದಿಂದ ನನ್ ಹೆಗಲ್ ಒತ್ತಿ ಹಿಡ್ಕಣಿ" ಎಂದಳು. ಚಂದ್ರಮತಿ ಅವಳ ಬೆನ್ನಿಗೆ ಎದೆಯಾನಿಸಿ, ಎರಡೂ ಕೈಯಲ್ಲಿ ಆ ಹೆಗಲನ್ನು ಒತ್ತಿ ಹಿಡಿದಳು. ಹಾಗೆ ಒಬ್ಬರ ಬಲ ಇನ್ನೊಬ್ಬರಿಗೆ ದಾಟಿಸಿಕೊಂಡು ಕುಂದಾಪುರದ ತನಕ ಹೋದರು. ಬೇಬಿ ಒಂದು ಗಳಿಗೆಯೂ ಕೈ ಸಡಿಲಿಸಲಿಲ್ಲ. ಚಂದ್ರಮತಿ ಅದನ್ನು ಕಣ್ಣಿಂದ ನೋಡಿದಳು, ಕೈಯಲ್ಲಿ ಮುಟ್ಟಿ ಬಲ್ಲಳು.

ಆಸ್ಪತ್ರೆಯವರು ಓಡಿ ಬಂದರು. ರಕ್ತವೂ ಬಂತು. ಆದರೆ ಅದು ದಿವ್ಯಾಳ ಮೈಗೆ ಹತ್ತುವ ಮೊದಲೇ ಅವಳ ಜೀವ ಹೋಗಿತ್ತು. ಒಳಗಿನಿಂದ ಒಬ್ಬರು ಬಂದು ಹೇಳಿದಾಗ ಬೇಬಿ ಜಗಲಿಯ ನೆಲದ ಮೇಲೆ ಕೂತಿದ್ದಳು. ಅವಳ ಮುಷ್ಟಿ ಇನ್ನೂ ಮುಚ್ಚಿಯೇ ಇತ್ತು. ಬಿಡಿಸಲು ಹೋದರೆ ಬೆರಳು ಬಿಡಿಸಿಕೊಳ್ಳುತ್ತಿರಲಿಲ್ಲ.

ಸೀತುವಿಗೆ ಯಾರು ಹೇಳುವುದು? ಮುತ್ತ ಹೇಳಲಾರೆನೆಂದ. ಚಂದ್ರಮತಿಯೇ ಹೋದಳು. ಅವಳು ಮೆಟ್ಟಿಲು ಹತ್ತುವುದನ್ನು ನೋಡಿಯೇ ಸೀತುವಿಗೆ ಗೊತ್ತಾಯಿತು. ಅವಳು ಕೂಗಲಿಲ್ಲ. ಕೂಸನ್ನು ಚಂದ್ರಮತಿಯ ಕೈಗೆ ಕೊಟ್ಟು, ಅಲ್ಲೇ ಗೋಡೆಗೆ ಮುಖ ಮಾಡಿ ಕುಳಿತಳು.

ಮೂರನೆಯ ದಿನಕ್ಕೆ ಮಾತು ಶುರುವಾಯಿತು. ಸಿಸ್ಟರು ತಡ ಮಾಡಿದಳಂತೆ. ಪ್ರಶಸ್ತಿ ಸಿಗುತ್ತದೆಂದು ಇನ್ನೊಂದು ಹೆರಿಗೆ ತನ್ನ ಲೆಕ್ಕಕ್ಕೆ ಬರಲಿ ಎಂದು ಇಟ್ಟುಕೊಂಡಳಂತೆ. ಈ ಮಾತು ಮೊದಲು ಯಾರ ಬಾಯಿಂದ ಬಂತೋ ಗೊತ್ತಿಲ್ಲ, ಆದರೆ ಮುಂಬೈಯಿಂದ ಓಡಿಬಂದ ಸಚಿನ್‌ನ ಕಿವಿಗೆ ಅದೇ ಮೊದಲು ಬಿತ್ತು. ಅವನ ಸೋದರಮಾವ ದೇವು ಪಂಚಾಯತಿ ಮೆಂಬರು. ಜನ ಸೇರಿಸಿ ಆರೋಗ್ಯ ಕೇಂದ್ರದ ಗೇಟಿನ ಎದುರು ಕೂತ. ಪೊಲೀಸರು ಬಂದರು, ದೊಡ್ಡ ಆಫೀಸರು ಬಂದರು. ತನಿಖೆ ಮುಗಿಯುವ ತನಕ ಬೇಬಿಯನ್ನು ಹೆರಿಗೆ ಕೆಲಸದಿಂದ ತೆಗೆದು ಹಾಲಾಡಿ ಬದಿಯ ಒಂದು ಉಪಕೇಂದ್ರಕ್ಕೆ ಹಾಕುತ್ತೇವೆಂದು ಹೇಳಿ ಜನರನ್ನು ಎಬ್ಬಿಸಿದರು. ಚಂದ್ರಮತಿ ಆಫೀಸರ ಹತ್ತಿರ ಹೋಗಿ ತಾನು ಕಂಡದ್ದನ್ನು ಹೇಳಿದಳು. ಅವರು ತಾಳ್ಮೆಯಿಂದ ಕೇಳಿಸಿಕೊಂಡರು. "ನೀವು ಹೇಳುವುದು ನಿಜವೇ ಇರಬಹುದಮ್ಮ. ಈಗ ಇಲ್ಲಿ ಶಾಂತಿ ಬೇಕಲ್ಲ" ಎಂದರು.

ಸಂಘದ ಸಭೆ ಸೇರಿತು. ಸೀತು ಯಾವಾಗಲೂ ಕೂರುತ್ತಿದ್ದ ಕಿಟಕಿಯ ಬದಿಯ ಜಾಗದಲ್ಲಿ ಯಾರೂ ಕೂರಲಿಲ್ಲ. ಚಂದ್ರಮತಿ ಎದ್ದು ನಿಂತು ಪಿಕಪ್ಪಿನಲ್ಲಿ ನಡೆದದ್ದನ್ನೆಲ್ಲ ಬಿಡದೆ ಹೇಳಿದಳು. ಹೇಳುತ್ತ ಹೇಳುತ್ತ ಅವಳ ಕೈ ತಾನೇ ಮುಂದಕ್ಕೆ ಚಾಚಿ ಒತ್ತಿ ತೋರಿಸುತ್ತಿತ್ತು. ಹೆಂಗಸರು ಕಣ್ಣೊರೆಸಿಕೊಂಡರು. ಆಮೇಲೆ ಪದ್ದು ಎಂಬವಳು, ಜಗಳಗಂಟಿಯಲ್ಲ, ಬಹಳ ಮೆತ್ತನೆಯ ಹೆಂಗಸು, ಮೆಲ್ಲಗೆ ಕೇಳಿದಳು.

"ನೀ ಕಂಡದ್ ಸುಳ್ಳ್ ಅಂಬುದಿಲ್ಲ ಚಂದ್ರಕ್ಕ. ಆರೆ ಸೀತು ಎದ್ರಿಗ್ ನಿಂತ್ಕಂಡ್ ಬೇಬಿ ಕೈಗೆ ವಾಚ್ ಕಟ್ಟುಕಾತ್ತಾ ನಿಂಗೆ?"

ದೊಡ್ಡ ಬಾಯಿಯ ಚಂದ್ರಮತಿ ತನ್ನ ಜಾಗದಲ್ಲಿ ಕೂತಳು.

ಕೃಷ್ಣಯ್ಯ ಮಾಸ್ಟ್ರು ಈ ವರ್ಷ ಕಾರ್ಯಕ್ರಮವನ್ನೇ ಬಿಡುವ ಎಂದರು. ಹಾಗೆ ಬಿಡಲೂ ಆಗಲಿಲ್ಲ. ಇಷ್ಟು ವರ್ಷದಲ್ಲಿ ಅದು ಸಂಘದ ಕೈಮೀರಿ ಬೆಳೆದಿತ್ತು. ಮುಖ್ಯ ಅತಿಥಿಗಳ ದಿನ ಗೊತ್ತಾಗಿತ್ತು, ಎಲ್ಲ ಕಡೆಯ ನರ್ಸುಗಳಿಗೆ ರಜೆ ಕೊಟ್ಟು ಬರಹೇಳಿದ್ದರು. ಕಚೇರಿಯಿಂದಲೇ ಫೋನು ಬಂತು. ಹೆಸರು ಮಾತ್ರ ಬದಲಾಯಿಸಿದರೆ ಸಾಕು, ಬ್ರಹ್ಮಾವರ ಬದಿಯ ಸುಗುಣ ಎಂಬವರ ಹೆಸರನ್ನು ನಾವೇ ಕಳಿಸುತ್ತೇವೆ ಎಂದರು. ಸಭೆ ಹೂಂ ಎಂದಿತು. ಯಾರೂ ಕೈ ಎತ್ತಲಿಲ್ಲ, ಯಾರೂ ಬೇಡವೆನ್ನಲೂ ಇಲ್ಲ.

ಮರುದಿನ ಸಂಜೆ ಸೀತು ತಾನಾಗಿ ಚಂದ್ರಮತಿಯ ಮನೆಗೆ ಬಂದಳು. ಹೆಗಲ ಮೇಲೆ ಕೂಸು ನಿದ್ದೆ ಹೋಗಿತ್ತು. ರಮಿತಾ ಕೂಸನ್ನು ಎತ್ತಿಕೊಂಡು ಒಳಗೆ ಹೋದಳು. ಇಬ್ಬರೂ ಜಗಲಿಯಲ್ಲಿ ಕೂತರು. ಮಳೆನೀರು ಮಾಡಿನಿಂದ ಇಳಿಯುತ್ತಿತ್ತು.

"ದೇವು ಹೇಳುದ್ ನಾ ಹೇಳ್ಸಿದ್ದಲ್ಲ" ಎಂದಳು ಸೀತು.

"ಗೊತ್ತಿತ್ತ್ ನಂಗೆ."

"ಬೇಬಿಗ್ ಕೊಡ್ಬ್ಯಾಡ ಅಂತ ನಾ ಹೇಳಲಿಲ್ಲ. ಕೊಡಿ ಅಂತ ಹೇಳುಕೂ ಬಾಯಿ ಬತ್ತಿಲ್ಲೆ." ಚಂದ್ರಮತಿಯ ಕಡೆ ತಿರುಗಿದಳು. "ಅವ್ಳ್ ಕೈ ತೆಗಿಲಿಲ್ಲ ಅಲ್ದಾ?"

"ಇಲ್ಲ ಸೀತು. ಕುಂದಾಪ್ರದ ತನ್ಕ ತೆಗಿಲಿಲ್ಲ."

"ನೀನೂ ಹಿಡ್ಕಂಡಿದ್ದೆ."

"ಹಿಡ್ಕಂಡಿದ್ದೆ."

"ಮತ್ ಹ್ಯಾಂಗ್ ಹೋಯ್ತ್ ನನ್ ಮಗ್ಳ್?"

ಚಂದ್ರಮತಿ ಉತ್ತರಕ್ಕಾಗಿ ಅಂಗಳದಲ್ಲೆಲ್ಲ ಹುಡುಕುವವಳ ಹಾಗೆ ನೋಡಿದಳು. ರಸ್ತೆ ಎನ್ನಲೇ? ರಕ್ತ ಕಡಿಮೆ ಇತ್ತು ಎನ್ನಲೇ? ಕುಂದಾಪುರಕ್ಕೆ ಹೋಗಿ ಎಂದಾಗ ನೀನೇ ಬೇಡವೆಂದೆ, ನಾನು ಬಾಗಿಲಲ್ಲಿ ನಿಂತು ನಗಾಡಿದೆ ಎನ್ನಲೇ? ಅದೆಲ್ಲ ಸೀತುವಿಗೂ ಗೊತ್ತಿತ್ತು. ಅದು ಗೊತ್ತಿದ್ದೇ ಕೇಳಿದ್ದಳು. ಚಂದ್ರಮತಿ ಅವಳ ಬೆನ್ನ ಮೇಲೆ ಕೈಯಿಟ್ಟಳು. ಸೀತು ಆ ಕೈಯನ್ನು ಸರಿಸಲೂ ಇಲ್ಲ, ಅದಕ್ಕೆ ಒರಗಲೂ ಇಲ್ಲ.

ಅದರ ನಂತರ ಚಂದ್ರಮತಿ ಬೇಬಿಯ ಕ್ವಾರ್ಟರ್ಸಿಗೆ ಹೋದಳು. ಬೇಬಿ ಪಾತ್ರೆಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬುತ್ತಿದ್ದಳು. ಪ್ರಶಸ್ತಿಯ ವಿಷಯವನ್ನು ಚಂದ್ರಮತಿ ತೆಗೆಯುವ ಮೊದಲೇ ಬೇಬಿಯೇ ಅಂದಳು. "ಸುಗುಣನಿಗೆ ಕೊಡ್ತ್ರಂತಲ್ಲ, ಒಳ್ಳೇದಾಯ್ತ್. ಒಳ್ಳೆ ಹುಡ್ಗಿ ಅವ್ಳ್."

"ಸಿಸ್ಟರೇ, ನಮ್ಮಿಂದ..."

"ಎಂತ ಹೇಳ್ಬೇಡಿ ಚಂದ್ರಕ್ಕ. ದಿವ್ಯಾಳ ಹೆರಿಗಿ ಇಲ್ಲೇ ಮಾಡುಕ್ ನಾ ಒಪ್ಬಾರ್ದಿತ್. ನೀವ್ ಎಲ್ರೂ ನನ್ ಮೇಲೆ ಅಷ್ಟ್ ನಂಬಿಕಿ ಇಟ್ರಿ, ನಂಗೂ ನಂಬುವ ಅಂತ ಕಂಡಿತ್." ಒಂದು ತಟ್ಟೆಗೆ ಪೇಪರು ಸುತ್ತಿ ಪೆಟ್ಟಿಗೆಗಿಟ್ಟಳು. "ಸೀತಕ್ಕನ್ ಕಾಂಬುಕ್ ಹೋಯ್ಕ್ ಅಂತ ಮೂರ್ ಸಲ ಚಪ್ಪಲ್ ಹಾಕ್ದೆ. ಗೇಟಿಂದ ಆಚಿಗ್ ಕಾಲ್ ಹೋಯ್ಲಿಲ್ಲ."

ಪೆಟ್ಟಿಗೆ ಕಟ್ಟಲು ಚಂದ್ರಮತಿ ಹಗ್ಗ ಹಿಡಿದುಕೊಟ್ಟಳು. ಅಷ್ಟೇ ಅವಳಿಂದ ಆದದ್ದು.

ಕಾರ್ಯಕ್ರಮದ ದಿನ ಹಾಲ್ ತುಂಬಿತ್ತು. ಅಧ್ಯಕ್ಷೆಯೇ ಪ್ರಶಸ್ತಿ ಕೊಡುವುದು ವಾಡಿಕೆ. ಸುಗುಣ ವೇದಿಕೆ ಹತ್ತಿದಳು. ಇನ್ನೂ ಮೂವತ್ತರ ಸುಮಾರಿನ ಹೆಂಗಸು. ಮುಂದಿನ ಸಾಲಿನಲ್ಲಿ ಅವಳ ತಾಯಿ ಜರಿಸೀರೆ ಉಟ್ಟು ಕೂತಿದ್ದರು, ಪುಟ್ಟ ಮಗಳು ಚಪ್ಪಾಳೆ ತಟ್ಟುತ್ತಿದ್ದಳು. ಅವಳ ಮೇಲೆ ಸಿಟ್ಟು ಮಾಡಿಕೊಳ್ಳಬಹುದಿದ್ದರೆ ಎಷ್ಟು ಸುಲಭವಿತ್ತು ಎಂದು ಚಂದ್ರಮತಿಗೆ ಅನಿಸಿತು. ವಾಚಿನ ಪಟ್ಟಿ ಬಿಗಿಯಲು ಬಗ್ಗಿದಾಗ ಸುಗುಣ ಪಿಸುಮಾತಿನಲ್ಲಿ ಅಂದಳು. "ಇದು ಬೇಬಿಯಕ್ಕಂದಲ್ವಾ? ನಾನು ಬರುವುದಿಲ್ಲ ಅಂದೆ. ಮೇಲಿನವರು ಬರಲೇಬೇಕು ಅಂದರು."

"ನಗು" ಎಂದಳು ಚಂದ್ರಮತಿ. "ನಿನ್ ಅಮ್ಮ ಕಾಣ್ತಿದ್ರ್."

ಫೋಟೋದವನು ಇನ್ನೊಮ್ಮೆ ಕೈ ಕುಲುಕಲು ಹೇಳಿದ. ಇಬ್ಬರೂ ಕುಲುಕಿದರು. ಮುಖ್ಯ ಅತಿಥಿಗಳು ತಾಯಂದಿರ ಜೀವ ಉಳಿಸುವ ಕೈಗಳ ಬಗ್ಗೆ ಬಹಳ ಹೊತ್ತು ಮಾತಾಡಿದರು.

ತನಿಖೆಯ ಫಲ ಮಳೆಗಾಲ ಕಳೆದ ಮೇಲೆ ಬಂತು. ಬೇಬಿಯದು ಏನೂ ತಪ್ಪಿಲ್ಲ ಎಂದಿತ್ತಂತೆ. ಅಷ್ಟು ಹೊತ್ತಿಗೆ ಅಳಿವೆಕೇರಿಯಲ್ಲಿ ಅದನ್ನು ಕೇಳಿಸಿಕೊಳ್ಳುವ ಆಸಕ್ತಿ ಯಾರಿಗೂ ಉಳಿದಿರಲಿಲ್ಲ. ಹೊಸ ನರ್ಸು ಬಂದಳು, ಆದರೆ ಬಸುರಿಯರು ಯಾರೂ ಆ ಕೋಣೆಯ ಕಡೆ ತಲೆ ಹಾಕಲಿಲ್ಲ. ಕುಂದಾಪುರಕ್ಕೆ ಹೋದರು, ಮಣಿಪಾಲಕ್ಕೆ ಹೋದರು. ಹೆರಿಗೆಯೇ ಇಲ್ಲದ ಕೇಂದ್ರಕ್ಕೆ ಆ ಸೌಕರ್ಯ ಯಾಕೆ ಎಂದು ಮೇಲಿನವರು ಕೇಳಿದರು. ಹೆರಿಗೆ ಮೇಜಿನ ಮೇಲೆ ಲಸಿಕೆಯ ಪೆಟ್ಟಿಗೆಗಳು ಬಂದು ಕೂತವು. ಮರುವರ್ಷದ ಸಂಘದ ಸಭೆಯಲ್ಲಿ ಪ್ರಶಸ್ತಿಯ ಮಾತನ್ನು ಯಾರೂ ಎತ್ತಲಿಲ್ಲ. ಯಾವುದೋ ಚಿನ್ನದಂಗಡಿಯವರು ಅಂಥದೇ ಒಂದು ಪ್ರಶಸ್ತಿಯನ್ನು ದೊಡ್ಡದಾಗಿ ಶುರುಮಾಡಿದ್ದಾರೆ ಎಂದು ಕೃಷ್ಣಯ್ಯ ಮಾಸ್ಟ್ರು ಹೇಳಿದರು. ಹೆಂಗಸರು ಒಳ್ಳೆಯದಾಯಿತು ಎಂದರು.

ಹಾಲಾಡಿಯ ಕಟ್ಟೆಯ ಮೇಲೆ ಚಂದ್ರಮತಿ, ಸೀತು ಮತ್ತೆ ಅಕ್ಕಪಕ್ಕ ಕೂರತೊಡಗಿದರು. ಕೂಸಿಗೆ ಧನ್ಯಶ್ರೀ ಎಂದು ಹೆಸರಿಟ್ಟಿದ್ದರು. ಸಚಿನ್ ತಿಂಗಳಿಗೊಮ್ಮೆ ಫೋನು ಮಾಡುತ್ತಿದ್ದ, ಬರುವುದು ಅಪರೂಪವಾಗಿತ್ತು. ಮೀನಿನ ಹೊತ್ತಿನಲ್ಲಿ ಕೂಸನ್ನು ರಮಿತಾ ನೋಡಿಕೊಳ್ಳುತ್ತಿದ್ದಳು. ಚಂದ್ರಮತಿ, ಸೀತು ಮೀನಿನ ಮಾತು, ಕೂಸಿನ ಮಾತು ಆಡುತ್ತಿದ್ದರು. ಬೇರೆ ಮಾತು ಆಡುತ್ತಿರಲಿಲ್ಲ.

ಬೇಬಿ ಅದೇ ಬದಿಯ ಉಪಕೇಂದ್ರದಲ್ಲೇ ಇದ್ದಳು. ಈಗ ಹೆರಿಗೆ ಮಾಡಿಸುತ್ತಿರಲಿಲ್ಲ, ಮನೆಮನೆಗೆ ಹೋಗಿ ಮಕ್ಕಳಿಗೆ ಲಸಿಕೆ ಹಾಕುತ್ತಿದ್ದಳು. ಹಾಲಾಡಿ ಪೇಟೆಗೆ ಬಂದರೂ ಮೀನಿನ ಕಟ್ಟೆಯ ಕಡೆ ಬರುತ್ತಿರಲಿಲ್ಲ. ಒಂದು ಬೆಳಿಗ್ಗೆ ಬಂದಳು. ಕೂದಲು ನರೆತಿತ್ತು. ಬಂದು ನಿಂತದ್ದು ಚಂದ್ರಮತಿಯ ಎದುರಲ್ಲ, ಸೀತುವಿನ ಎದುರು.

"ಬೂತಾಯಿ ಹ್ಯಾಂಗೆ?" ಎಂದಳು ಬೇಬಿ.

ಸೀತು ತಲೆ ಎತ್ತಿದಳು. ಬಹಳ ಹೊತ್ತು ನೋಡಿದಳೇನೋ, ಅಥವಾ ಚಂದ್ರಮತಿಗೆ ಹಾಗೆ ಕಂಡಿತೇನೋ. ಬೆಲೆ ಹೇಳಿದಳು. ಬೇಬಿ ಚೌಕಾಸಿ ಮಾಡಲಿಲ್ಲ. ಸೀತು ಆರಿಸಿ, ತೂಗಿ, ಮೇಲೆ ಒಂದು ಹಿಡಿ ಜಾಸ್ತಿ ಹಾಕಿ ಪೊಟ್ಟಣ ಕಟ್ಟಿದಳು.

"ಶಿಶು ಹ್ಯಾಂಗಿತ್ತ್ ಸೀತಕ್ಕ?"

"ನಡಿತ್" ಎಂದಳು ಸೀತು. "ಎಲ್ಲ ಹಿಡ್ಕಂಡ್ ನಿಲ್ತ್. ಎಳ್ದ್ ಎಳ್ದ್ ಬೀಳ್ಸುತ್."

"ಹೆಸ್ರ್?"

ಸೀತು ಹೆಸರು ಹೇಳಿದಳು. ಬೇಬಿ ಅದನ್ನು ಒಮ್ಮೆ ತನ್ನ ಬಾಯಲ್ಲೇ ಹೇಳಿಕೊಂಡಳು. ಪೊಟ್ಟಣ ಚೀಲಕ್ಕೆ ಹಾಕಿಕೊಂಡು, ಬಸ್‌ಸ್ಟ್ಯಾಂಡಿನ ಕಡೆ ನಡೆದಳು. ಸೀತು ಅವಳು ಜನರ ನಡುವೆ ಮರೆಯಾಗುವ ತನಕ ನೋಡುತ್ತ ಕೂತಳು. ಕೈಯಲ್ಲಿ ಇನ್ನೊಂದು ಹಿಡಿ ಬೂತಾಯಿ ಹಾಗೇ ಇತ್ತು.

"ಅವ್ಳ್ ಇನ್ನೊಮ್ಮೆ ಬತ್ತಳಾ?" ಎಂದು ಕೇಳಿದಳು.

"ಗೊತ್ತಿಲ್ಲೆ" ಎಂದಳು ಚಂದ್ರಮತಿ. "ಬಪ್ಪುದ್ ಬ್ಯಾಡ ಅಂತ ಹೇಳ್ಕಾ?"

ಸೀತು ಕೈಯಲ್ಲಿದ್ದ ಮೀನನ್ನು ಬುಟ್ಟಿಗೆ ಹಾಕಿ, ಮೇಲೆ ನೀರು ಚಿಮುಕಿಸಿದಳು. ಅಷ್ಟರಲ್ಲಿ ಒಬ್ಬ ಗಿರಾಕಿ ಬಂದು ಬಂಗುಡೆಯ ಬೆಲೆ ಕೇಳಿದ. ಚಂದ್ರಮತಿ ಬೆಲೆ ಹೇಳಿದಳು. ಅವನಿಗೆ ಕೇಳಿಸಲಿಲ್ಲ. ಇನ್ನೊಮ್ಮೆ, ಸ್ವಲ್ಪ ಜೋರಾಗಿ ಹೇಳಿದಳು.